ಜೈಲಿನಲ್ಲಿ ಚಿತ್ರ ಹೇಳಿಕೊಡುವುದು: ಏನು ಒಯ್ಯಲಿ, ಏನು ಬಿಡಲಿ?

ಬಳಪದ ಮೇಷ್ಟ್ರು, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಮಡಕೆ, ಮಾವಿನಹಣ್ಣು, ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯ ಇಷ್ಟನ್ನೇ ಹೇಳಿಕೊಟ್ಟು ಮನೆಗೆ ಬಂದವನು. ಸುಮ್ನೆ ಕೂತರೆ ಮಂಡಿನೋವು ಜಾಸ್ತಿ ಆಗುತ್ತದೆ ಅನ್ನುವುದು ನನ್ನ ಹೆಂಡತಿಯ ತೀರ್ಮಾನ. ಹಾಗಾಗಿ ಹಳೆಯ ಶಿಷ್ಯನೊಬ್ಬ ಬಂದು, "ಸಾರ್, ಜೈಲಿನಲ್ಲಿರೋರಿಗೆ ವಾರಕ್ಕೊಂದು ದಿನ ಡ್ರಾಯಿಂಗ್ ಹೇಳಿಕೊಡ್ತೀರಾ?" ಅಂದಾಗ ಹ್ಞೂಂ ಅಂದುಬಿಟ್ಟೆ. ನಮ್ಮ ಕಡೆಯದೇ ಒಂದು ಜೈಲು. ಯಾವುದು ಅಂತ ಬರೆಯುವುದಿಲ್ಲ, ಯಾರೂ ಕೇಳಬೇಡಿ.

ಮೊದಲ ದಿನ ಗೇಟಿನಲ್ಲೇ ನನ್ನ ಚೀಲ ಬಿಚ್ಚಿಸಿದರು. ವಾರ್ಡರು ಒಂದೊಂದೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೈವಾರ, ಸ್ಟೀಲ್ ಸ್ಕೇಲು, ಕಟರ್, ಟರ್ಪೆಂಟೈನ್ ಸೀಸೆ, ನೀರಿಗೆ ಅಂತ ತಂದಿದ್ದ ಗಾಜಿನ ಹಾರ್ಲಿಕ್ಸ್ ಬಾಟಲಿ. ಕೊನೆಗೆ ಮೆಂಡರ್ ಎತ್ತಿ ಹಿಡಿದು ಅದರ ಬ್ಲೇಡನ್ನು ನನಗೇ ತೋರಿಸಿದರು. ನನ್ನದು ತಪ್ಪು, ಒಪ್ಪುತ್ತೇನೆ. ಒಂದನ್ನೂ ಯೋಚಿಸಿರಲಿಲ್ಲ. ಒಳಗೆ ಹೋಗಿದ್ದು ಬರೀ ಪೇಪರು ಮತ್ತು ಆರು ಪೆನ್ಸಿಲ್. ಕೂತಿದ್ದವರು 22 ಜನ. ಹತ್ತು ನಿಮಿಷಕ್ಕೆ ಪೆನ್ಸಿಲ್ ಮೊಂಡಾದವು. ಒಬ್ಬ ಹುಡುಗ ಅದನ್ನು ಹಲ್ಲಿನಲ್ಲಿ ಕಚ್ಚಿ, ಮರದ ಚೂರು ಉಗಿದು, ಮೊನೆ ಮಾಡಿ ಪಕ್ಕದವನಿಗೆ ಕೊಟ್ಟ. ಆಮೇಲೆ ಎಲ್ಲರೂ ಅವನ ಕೈಗೇ ಕೊಡತೊಡಗಿದರು.

ಎರಡನೇ ವಾರ ಒಂದು ಊರ ಕೆರೆಯ ಚಿತ್ರ ಶುರು ಮಾಡಿಸಿದೆ. ಏರಿ, ನೀರು, ಆಚೆ ದಡದಲ್ಲಿ ತೆಂಗಿನ ಮರ. "ಉಳಿದದ್ದು ಮುಂದಿನ ವಾರ ಮುಗಿಸೋಣ" ಅಂದೆ. ಮೂರನೇ ವಾರ ಹೋದರೆ ಆ 22ರಲ್ಲಿ ಉಳಿದವರು 9. ಕೆಲವರಿಗೆ ಜಾಮೀನು ಆಗಿತ್ತು, ಕೆಲವರನ್ನು ಬೇರೆ ಜೈಲಿಗೆ ಕಳಿಸಿದ್ದರು, ಉಳಿದವರು ಕೋರ್ಟಿಗೆ ಹೋಗಿದ್ದರು. ಜತೆಗೆ ಹೊಸ ಮುಖಗಳು. ಅರ್ಧ ಆದ 13 ಕೆರೆಗಳು ಈಗ ನನ್ನ ಮನೆಯ ಬೀರುವಿನಲ್ಲಿವೆ.

ಹೇಗೆ ಮುಂದುವರಿಸಲಿ? ಅನುಭವ ಇದ್ದವರು ಹೇಳಿ. ಆ 13 ಕೆರೆಗಳನ್ನು ಏನು ಮಾಡಲಿ, ಅದನ್ನೂ ಹೇಳಿ.

ಕೋರ್ಟುಕಟ್ಟೆ

ಮೇಷ್ಟ್ರೇ, ನಾನು ವಕೀಲೆ. ಒಂದು ವಿಷಯ ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ನಿಮ್ಮ ಎದುರು ಕೂತವರಲ್ಲಿ ಬಹುಪಾಲು ಜನ ಅಪರಾಧಿಗಳಲ್ಲ, ವಿಚಾರಣಾಧೀನರು. ಕೇಸು ಇನ್ನೂ ನಡೆಯುತ್ತಿದೆ. 2022ರ ಕೊನೆಯ ದಿನ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರು. ಜಿಲ್ಲಾ ಮಟ್ಟದ ಜೈಲೆಂದರೆ ಹೆಚ್ಚಾಗಿ ಇವರೇ. ದೀರ್ಘ ಶಿಕ್ಷೆಯಾದವರನ್ನು ಮೈಸೂರು, ಶಿವಮೊಗ್ಗದಂಥ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ.

ಹಾಗಾಗಿ ನಿಮ್ಮ ಕ್ಲಾಸು ಶಾಲೆಯ ಹಾಗಲ್ಲ, ಬಸ್ ಸ್ಟ್ಯಾಂಡಿನ ಹಾಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇದೆ. ಮೊದಲ ಸಲ ಕೇಸಿಗೆ ಸಿಕ್ಕವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡುಗಡೆಗೆ ದಾರಿ ಇದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ವಿದ್ಯಾರ್ಥಿಗಳು ಕ್ಲಾಸಿನಿಂದ ಕಾಣೆಯಾದರೆ ಖುಷಿಪಡಿ ಸಾರ್!

ಗಿರಿಯ ತಪ್ಪಲು, ಚಿಕ್ಕಮಗಳೂರು

ಬಣ್ಣದ ಚಿಂತೆ ಬಿಡಿ. ಕಾಫಿ ಪುಡಿ ಒಯ್ಯಿರಿ. ತಮಾಷೆ ಅಲ್ಲ. ಇನ್‌ಸ್ಟಂಟ್ ಪುಡಿ ಒಂದು ಚಮಚಕ್ಕೆ ಎರಡು ಚಮಚ ಬಿಸಿನೀರು ಹಾಕಿ ಕಲಸಿದರೆ ಕಪ್ಪಿಗೆ ಹತ್ತಿರದ ಕಂದು ಬರುತ್ತದೆ. ಅದರಲ್ಲಿ ಅರ್ಧ ತೆಗೆದು ನೀರು ಬೆರೆಸಿ, ಮತ್ತೆ ಅರ್ಧ ತೆಗೆದು ನೀರು ಬೆರೆಸಿ. ಹೀಗೆ ನಾಲ್ಕು ಪ್ಲಾಸ್ಟಿಕ್ ಲೋಟದಲ್ಲಿ ನಾಲ್ಕು ಛಾಯೆ. ತೆಳುವಿನಿಂದ ಶುರು ಮಾಡಿ, ಒಣಗಲು ಬಿಟ್ಟು, ಮೇಲೆ ಗಾಢ ಹಾಕುತ್ತಾ ಹೋಗಬೇಕು. ಗಾಜು ಬೇಡ, ಟರ್ಪೆಂಟೈನ್ ಬೇಡ. ಒಂದು ಗಂಟೆಯಲ್ಲಿ ಒಂದು ಚಿತ್ರ ಮುಗಿಯುತ್ತದೆ.

ಫಿಲ್ಟರ್ ಕಾಫಿ ಪುಡಿ ಬೇಡ. ಚರಟ ಪೇಪರಿನ ಮೇಲೆ ಕೂತು ರಂಪ ಮಾಡುತ್ತದೆ. ಮಳೆಗಾಲದಲ್ಲಿ ಜೋಪಾನ, ನಮ್ಮ ಕಡೆ ಕಾಫಿ ಚಿತ್ರಕ್ಕೆ ಬೂಷ್ಟು ಬರುತ್ತದೆ. ನನ್ನದೊಂದು ಮುಳ್ಳಯ್ಯನಗಿರಿ ಎರಡೇ ತಿಂಗಳಿಗೆ ಬಿಳಿ ಗಡ್ಡ ಬಿಟ್ಟುಕೊಂಡಿತ್ತು.

ಸಕಲೇಶಪುರ ರೋಡು

ವಾರ್ಡರು ಆ ಲೋಟ ನೋಡಿ ಕುಡಿದುಬಿಟ್ಟರೆ?

ಗಿರಿಯ ತಪ್ಪಲು, ಚಿಕ್ಕಮಗಳೂರು

ನಾಲ್ಕನೇ ಲೋಟದ್ದು ನಮ್ಮೂರ ಕೆಲವು ಹೋಟೆಲ್ ಕಾಫಿಗಿಂತ ಗಟ್ಟಿ ಇರುತ್ತದೆ. ಕುಡಿಯಲಿ ಬಿಡಿ.

ನೇರಮಾತು

ಎಲ್ಲರೂ ಕೊಂಡಾಡುವುದಕ್ಕೆ ಮುಂಚೆ ನನ್ನದೊಂದು ಮಾತು. ನನ್ನ ಮಗಳು ಓದುವ ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಆ ಪಿರಿಯಡ್ಡಿನಲ್ಲಿ ಗಣಿತದ ಮೇಡಂ ಬಂದು ಮಗ್ಗಿ ಬರೆಸುತ್ತಾರೆ. ಯಾವ ತಪ್ಪೂ ಮಾಡದ ಮಕ್ಕಳಿಗೆ ಕ್ರೇಯಾನ್ ಇಲ್ಲ, ಒಳಗಿರುವವರಿಗೆ ಮಾತ್ರ ಮೇಷ್ಟ್ರು ಹುಡುಕಿಕೊಂಡು ಹೋಗುತ್ತಾರೆ. ಇದು ಯಾವ ನ್ಯಾಯ? ಕಲೆ ಕಲಿತರೆ ಕಳ್ಳ ಕಳ್ಳತನ ಬಿಡುತ್ತಾನಾ?

ಬಳಪದ ಮೇಷ್ಟ್ರು, ಹಾಸನ

ನಿಮ್ಮ ಮಗಳ ವಿಷಯ ನೂರಕ್ಕೆ ನೂರು ಸರಿ. ನಾನು ಬಿಟ್ಟ ಜಾಗಕ್ಕೆ ಇವತ್ತಿನವರೆಗೂ ಯಾರೂ ಬಂದಿಲ್ಲ. ಆ ಬೇಜಾರು ನನಗೂ ಇದೆ.

ಕಳ್ಳ ಕಳ್ಳತನ ಬಿಡುತ್ತಾನಾ ಅಂದಿರಿ. ನಾನು ಹಾಗಂತ ಯಾರಿಗೂ ಮಾತು ಕೊಟ್ಟಿಲ್ಲ. ನನ್ನ ಹತ್ತಿರ ಡ್ರಾಯಿಂಗ್ ಕಲಿತ ಮಕ್ಕಳೆಲ್ಲ ಸಜ್ಜನರಾಗಲಿಲ್ಲ. ಒಬ್ಬ ನನಗೇ ಚೀಟಿ ಹಣ ತಿರುಗಿಸಿ ಕೊಟ್ಟಿಲ್ಲ. ಆದರೂ ಅವನು ಬರೆಯುವ ಗಣಪತಿ ಬಹಳ ಚೆನ್ನಾಗಿತ್ತು.

ಹೊರಗೆ ಬಂದವನು

ಇದನ್ನು ಬರೆಯುವುದಕ್ಕೇ ಹೊಸ ಖಾತೆ ಮಾಡಿದ್ದೇನೆ. ನಾನು ನಾಲ್ಕು ತಿಂಗಳು ಒಳಗಿದ್ದೆ. ಯಾವ ಜೈಲು, ಯಾವ ಕೇಸು ಬೇಡ. ಆಮೇಲೆ ಖುಲಾಸೆ ಆಯಿತು. ಆದರೆ ಊರಿನಲ್ಲಿ ಆ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಹಿಡಿದುಕೊಂಡು ಹೋದ ಸುದ್ದಿ ಮಾತ್ರ ಎಲ್ಲರಿಗೂ ಗೊತ್ತು.

ಮೇಷ್ಟ್ರೇ, ಹೊರಗಿನವರು ಜೈಲು ಅಂದರೆ ಹೊಡೆತ, ಸರಳು ಅಂದುಕೊಳ್ಳುತ್ತಾರೆ. ನನಗೆ ಕಷ್ಟ ಆಗಿದ್ದು ಹೊತ್ತು. ಸಂಜೆ ಇನ್ನೂ ಬೆಳಕು ಇರುವಾಗಲೇ ಎಣಿಸಿ ಒಳಗೆ ಹಾಕಿ ಬೀಗ ಹಾಕುತ್ತಾರೆ. ಅಲ್ಲಿಂದ ಬೆಳಗಿನವರೆಗೆ ಮಾಡಲು ಏನೂ ಇಲ್ಲ. ಪಕ್ಕದವನ ಕೇಸಿನ ಕಥೆ ಹದಿನೈದನೇ ಸಲ ಕೇಳಬೇಕು. ನಮ್ಮಲ್ಲಿಗೂ ಒಬ್ಬರು ಬಂದು ಚಿತ್ರ ಬರೆಸಿದ್ದರು. ಬಂದದ್ದು ಮೂರೇ ಸಲ. ಒಳ್ಳೆಯ ಮನುಷ್ಯ. ಆದರೆ ಮೊದಲ ದಿನವೇ "ಎಲ್ಲರೂ ನಿಮ್ಮ ಮನೆ ಬಿಡಿಸಿ, ಮನೆಯವರನ್ನು ಬಿಡಿಸಿ" ಅಂದುಬಿಟ್ಟರು. ಅವರು ಹೊರಟು ಹೋದರು. ಆ ರಾತ್ರಿ ನಮ್ಮ ಬ್ಯಾರಕಿನಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬ ಗಡ್ಡದವರು, ಐವತ್ತು ದಾಟಿದ್ದವರು, ಬಾಗಿಲು ಬರೆದು ಅಲ್ಲಿಗೇ ನಿಲ್ಲಿಸಿದ್ದರು. ಬಾಗಿಲಲ್ಲಿ ಯಾರನ್ನು ನಿಲ್ಲಿಸಲಿ ಅಂತ ಗೊತ್ತಾಗಲಿಲ್ಲ ಅಂದರು.

ಮನೆ ಬರೆಸಬೇಡಿ. ಬರೆಯಬೇಕು ಅನ್ನಿಸಿದವನು ಅವನಾಗಿಯೇ ಬರೆಯುತ್ತಾನೆ. ಕೇಸು ಕೇಳಬೇಡಿ. ಎಲೆ ಬರೆಸಿ, ಲೋಟ ಬರೆಸಿ, ನಿಮ್ಮ ಚಪ್ಪಲಿ ಬರೆಸಿ. ನಾನು ಒಂದು ಕಾಫಿ ಎಲೆಯನ್ನು ನೆನಪಿನಿಂದ ಬರೆದೆ. ಅದರ ಅಂಚು ಅಲೆಅಲೆಯಾಗಿರುತ್ತದೆ, ನೋಡಿದ್ದೀರಾ? ಇಪ್ಪತ್ತು ವರ್ಷ ತೋಟದಲ್ಲಿ ಕೆಲಸ ಮಾಡಿದ್ದರೂ ನರಗಳು ಎದುರುಬದುರು ಹೊರಡುತ್ತವಾ, ಒಂದಾದ ಮೇಲೊಂದಾ ಅಂತ ಹೇಳಲು ಆಗಲಿಲ್ಲ. ಮೂರು ರಾತ್ರಿ ಅದೇ ಯೋಚನೆ. ಆ ಮೂರು ರಾತ್ರಿ ಕೇಸಿನ ಯೋಚನೆ ಕಡಿಮೆ ಇತ್ತು, ಅಷ್ಟೇ ನಾನು ಹೇಳಬಲ್ಲೆ.

ಕೋರ್ಟುಕಟ್ಟೆ

ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್ ಅಣ್ಣಾ.

ಬಳಪದ ಮೇಷ್ಟ್ರು, ಹಾಸನ

ನನ್ನ ಮುಂದಿನ ವಾರದ ಪಾಠವೇ "ನನ್ನ ಮನೆ" ಆಗಿತ್ತು. ಪಟ್ಟಿಯಿಂದ ಹೊಡೆದು ಹಾಕಿದ್ದೇನೆ.

ಹಸೆ ಗೋಡೆ, ನರಸಿಂಹರಾಜಪುರ

ನನ್ನ ತವರು ಸಾಗರದ ಕಡೆ. ನಮ್ಮಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಚಿತ್ತಾರ ಗೊತ್ತಿರಬಹುದು. ಮೇಷ್ಟ್ರ ಚೀಲದ ಕಥೆ ಓದಿ ನಗು ಬಂತು, ಯಾಕೆಂದರೆ ಚಿತ್ತಾರಕ್ಕೆ ಆ ಒಂದು ಸಾಮಾನೂ ಬೇಡ. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಅದೇ ಅಕ್ಕಿ, ಸೀಯುವ ತನಕ ಹುರಿದದ್ದು. ಹಳದಿಗೆ ಗುರಿಗೆ ಕಾಯಿ. ಬ್ರಷ್ಷು ಪುಂಡಿ ನಾರಿನದು. ಗೇಟಿನಲ್ಲಿ ಹಿಡಿಯಲು ಏನಿದೆ ಹೇಳಿ?

ಇನ್ನೊಂದು ಅನುಕೂಲ ಇದೆ. ಡ್ರಾಯಿಂಗ್ ಬರುವುದಿಲ್ಲ ಅನ್ನುವವನಿಗೆ ಮುಖ, ಮರ ಅಂದರೆ ಹೆದರಿಕೆ. ಚಿತ್ತಾರದಲ್ಲಿ ಇರುವುದು ಗೆರೆ ಮತ್ತು ಲೆಕ್ಕ. ಒಂದು ಚೌಕ, ಅದರೊಳಗೆ ಅಡ್ಡ ಗೆರೆ, ಅದರ ನಡುವೆ ಓರೆ ಗೆರೆ. ನನ್ನ ಅತ್ತೆ ಬರೆಯುವಾಗ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ಮಾತಾಡಿಸಿದರೆ ಬೈಯುತ್ತಿದ್ದರು, ಲೆಕ್ಕ ತಪ್ಪುತ್ತದಲ್ಲ. ಕೈ ನಡುಗುವವರಿಗೂ ಅರ್ಧ ಗಂಟೆಯಲ್ಲಿ ಗೆರೆ ನೇರ ಆಗುತ್ತದೆ. ಇಡೀ ಗೋಡೆ ಬೇಡ, ಪೋಸ್ಟ್ ಕಾರ್ಡಿನಷ್ಟು ಅಗಲದ ರಟ್ಟಿಗೆ ಕೆಮ್ಮಣ್ಣು ಬಳಿದು ಕೊಡಿ. ಕೂತ ಕಡೆಯೇ ಮುಗಿಯುತ್ತದೆ.

ರಂಗದ ಹಿಂದೆ

ನಾನು ನಾಟಕದವನು. ಜೈಲು, ಕಲೆ ಅಂದರೆ ಕನ್ನಡದಲ್ಲಿ ಮೊದಲು ನೆನಪಾಗುವುದು ಹುಲುಗಪ್ಪ ಕಟ್ಟೀಮನಿ. ಮೈಸೂರಿನ ರಂಗಾಯಣದಲ್ಲಿ ನಟರಾಗಿದ್ದವರು. ತೊಂಬತ್ತರ ದಶಕದ ಕೊನೆಯಿಂದ ಬಳ್ಳಾರಿ, ಮೈಸೂರು ಅಂತ ಜೈಲುಗಳ ಒಳಗೆ ಹೋಗಿ ಬಂದಿಗಳಿಗೆ ನಾಟಕ ಕಲಿಸಿದರು. ಅದಕ್ಕೆ ಅಂತಲೇ 'ಸಂಕಲ್ಪ' ಅನ್ನುವ ತಂಡ ಇದೆ. ಪೊಲೀಸ್ ಕಾವಲಿನಲ್ಲಿ ಆ ನಟರು ಹೊರಗಿನ ರಂಗಮಂದಿರಗಳಲ್ಲೂ ಆಡಿದ್ದಾರೆ.

ಆದರೆ ಮೇಷ್ಟ್ರು ಅದನ್ನು ನೋಡಿ ಹಾಗೇ ಮಾಡಲು ಹೋಗಬಾರದು. ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು. ಕೇಂದ್ರ ಕಾರಾಗೃಹದಲ್ಲಿ ಜೀವಾವಧಿ ಶಿಕ್ಷೆಯವರು ಇರುತ್ತಾರೆ, ರಾಜನ ಪಾತ್ರ ಮಾಡುವವನು ಮುಂದಿನ ವಾರವೂ ಅಲ್ಲೇ ಸಿಗುತ್ತಾನೆ. ಜಿಲ್ಲಾ ಜೈಲಿನಲ್ಲಿ ರಾಜನಿಗೆ ಬುಧವಾರ ಜಾಮೀನು ಸಿಕ್ಕಿದರೆ ಶುಕ್ರವಾರ ಸಿಂಹಾಸನ ಖಾಲಿ. ಚಿತ್ರಕ್ಕೆ ಆ ತೊಂದರೆ ಇಲ್ಲ, ಅವತ್ತೇ ಮುಗಿಸಿದರೆ. ಅವತ್ತೇ ಶುರು, ಅವತ್ತೇ ಮುಕ್ತಾಯ. ಕೋರ್ಸು, ಸಿಲಬಸ್ಸು ಎಲ್ಲ ಮರೆತುಬಿಡಿ.

ಮತ್ತೆ, ವರ್ಷದ ಕೊನೆಗೆ ಹಾಸನಾಂಬ ಕಲಾಕ್ಷೇತ್ರದಲ್ಲೋ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ಒಂದು ಪ್ರದರ್ಶನ ಇಡಿ. ಪ್ರತಿ ಚಿತ್ರದ ಕೆಳಗೆ ಬರೆದವರ ಹೆಸರು ದಪ್ಪಕ್ಷರದಲ್ಲಿ ಇರಲಿ. ಒಳಗಿನವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಕೋರ್ಟುಕಟ್ಟೆ

ಹೆಸರು ಬೇಡ! ಕೇಸು ನಡೆಯುತ್ತಿರುವವನ ಹೆಸರನ್ನು "ಜೈಲಿನ ಚಿತ್ರಗಳು" ಅಂತ ಬೋರ್ಡಿನ ಕೆಳಗೆ ತೂಗುಹಾಕಿದರೆ ಹೇಗೆ? ನಾಳೆ ಖುಲಾಸೆ ಆಗಿ ಕೆಲಸ ಕೇಳಲು ಹೋದಾಗ ಅದೇ ಫೋಟೋ ಯಾರದೋ ಮೊಬೈಲಿನಲ್ಲಿ ಇರುತ್ತದೆ.

ಹೆಸರು ಹಾಕುವುದಿಲ್ಲ

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ.

ಹನ್ನೊಂದು ವರ್ಷದ ಹಿಂದೆ ನನ್ನ ಅಣ್ಣನನ್ನು ಬದುವಿನ ಜಗಳದಲ್ಲಿ ಹೊಡೆದು ಕೊಂದರು. ಇಬ್ಬರಿಗೆ ಶಿಕ್ಷೆ ಆಗಿದೆ. ಅವರಲ್ಲಿ ಒಬ್ಬ ಒಳಗೆ ಕೂತು ಎಲೆ ಬರೆದರೆ ನನ್ನದೇನೂ ಅಭ್ಯಂತರ ಇಲ್ಲ. ಬರೆಯಲಿ. ಅವನು ಏನೂ ಮಾಡದೆ ಗೋಡೆ ನೋಡುತ್ತಾ ಕೂತರೆ ನನ್ನ ಅಣ್ಣ ಎದ್ದು ಬರುವುದಿಲ್ಲ.

ಆದರೆ ಇವತ್ತು ಎಲೆ, ನಾಳೆ ಪ್ರದರ್ಶನ, ನಾಡಿದ್ದು ಪೇಪರಿನಲ್ಲಿ ಫೋಟೋ. "ಸೆರೆಮನೆಯಲ್ಲಿ ಅರಳಿದ ಕಲಾವಿದ" ಅಂತ ಹೆಡ್ಡಿಂಗು. ನನ್ನ ಅತ್ತಿಗೆ ಬೆಳಗ್ಗೆ ಅಂಗಡಿಯಲ್ಲಿ ಹಾಲು ತರಲು ಹೋದಾಗ ಆ ಪೇಪರು ಕೌಂಟರ್ ಮೇಲೆ ಇರುತ್ತದೆ. ನನ್ನ ಅಣ್ಣನಿಗೂ ಬಣ್ಣದ ಹುಚ್ಚು ಇತ್ತು, ಎತ್ತಿನ ಕೊಂಬಿಗೆ ಸಂಕ್ರಾಂತಿಗೆ ಅವನೇ ಬಳಿಯುತ್ತಿದ್ದ. ಅವನ ಫೋಟೋ ಪೇಪರಿನಲ್ಲಿ ಬಂದಿದ್ದು ಒಂದೇ ಸಲ, ಯಾವಾಗ ಅಂತ ಹೇಳಬೇಕಿಲ್ಲ.

ಹೇಳಿಕೊಡಿ ಮೇಷ್ಟ್ರೇ. ಕೊಂಡಾಡಬೇಡಿ.

ರಂಗದ ಹಿಂದೆ

ನಾನು ಬರೆದದ್ದನ್ನು ಯೋಚನೆ ಮಾಡದೆ ಬರೆದೆ. ಕ್ಷಮಿಸಿ.

ಓದುಗ ಬೇಲೂರು

ಇಂಗ್ಲೆಂಡಿನಲ್ಲಿ ಕೋಸ್ಲರ್ ಹೆಸರಿನ ಬಹುಮಾನ ಇದೆ, 1962ರಿಂದ. ಆರ್ಥರ್ ಕೋಸ್ಲರ್ ಅನ್ನುವ ಲೇಖಕ 1937ರಲ್ಲಿ ಸ್ಪೇನಿನಲ್ಲಿ ಸೆರೆಯಲ್ಲಿದ್ದವನು. ಅಲ್ಲಿ ಕೈದಿಗಳ ಚಿತ್ರ ಮಾರಿದ ದುಡ್ಡಿನಲ್ಲಿ ಒಂದು ಪಾಲು ಬರೆದವನಿಗೆ, ಒಂದು ಪಾಲು ಅಪರಾಧದಿಂದ ನೊಂದವರ ನೆರವಿಗೆ ಹೋಗುತ್ತದೆ. ದುಡ್ಡಿನ ಲೆಕ್ಕ ಹೀಗೆ ಸರಿಮಾಡಬಹುದು. ಮೇಲೆ ಬರೆದವರ ಅತ್ತಿಗೆಯ ಬೆಳಗನ್ನು ಹೇಗೆ ಸರಿಮಾಡುವುದೋ ನನಗೆ ತೋಚುತ್ತಿಲ್ಲ.

ಹೆಸರಿನ ವಿಷಯಕ್ಕೆ ನಮ್ಮೂರಿನ ಒಂದು ಮಾತು. ಬೇಲೂರಿನ ಮದನಿಕೆಯರ ಕೆಳಗೆ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರೆ. ಒಂಬೈನೂರು ವರ್ಷದ ಹಿಂದೆ. ದೇಶದ ಬೇರೆ ಕಡೆ ಶಿಲ್ಪಿಗಳು ತಮ್ಮ ಹೆಸರನ್ನು ಇಷ್ಟು ಧಾರಾಳವಾಗಿ ಹಾಕಿಕೊಂಡದ್ದು ಕಡಿಮೆ. ಆದರೆ ನನಗೆ ಇಷ್ಟ ಮಲ್ಲಿತಮ್ಮ. 1196ರ ಅಮೃತಾಪುರದಿಂದ ಶುರು ಮಾಡಿ 1246ರ ನುಗ್ಗೇಹಳ್ಳಿ, ಆಮೇಲೆ ಸೋಮನಾಥಪುರ, ಅರವತ್ತಕ್ಕೂ ಹೆಚ್ಚು ವರ್ಷ ಉಳಿ ಹಿಡಿದ ಕೈ. ಅವನ ಹೆಸರು ಕೆಲವು ಕಡೆ ಪೂರ್ತಿ ಇದೆ, ಕೆಲವು ಕಡೆ 'ಮಲ್ಲಿ' ಅಂತ ಇದೆ. ಇನ್ನು ಕೆಲವು ಕಡೆ ಬರೀ 'ಮ'.

ಒಂದಕ್ಷರ ಸಾಕಲ್ವಾ ಮೇಷ್ಟ್ರೇ? ಬರೆದವನಿಗೆ ತನ್ನದು ಅಂತ ಗೊತ್ತು. ನೋಡಿದವರಿಗೆ ಯಾರದು ಅಂತ ಗೊತ್ತಾಗುವುದಿಲ್ಲ.

ಹೊರಗೆ ಬಂದವನು

ಒಳ್ಳೆಯ ಉಪಾಯ. ಆದರೂ ನಿಜ ಹೇಳುತ್ತೇನೆ, ನನಗೆ ಪೂರ್ತಿ ಹೆಸರು ಬರೆಯಬೇಕು ಅನ್ನಿಸಿತ್ತು. ಅಲ್ಲಿ ನನ್ನ ಹೆಸರನ್ನು ದಿನಾ ಕೂಗುತ್ತಿದ್ದುದು ಎಣಿಕೆಗೆ, ಇಲ್ಲ ಕೋರ್ಟಿಗೆ. ಬೇರೆ ಯಾವುದಕ್ಕೂ ಅಲ್ಲ. ಆ ಎಲೆಯ ಹಿಂದೆ, ಕಾಣದ ಕಡೆ, ಅಪ್ಪನ ಹೆಸರು ಸೇರಿಸಿ ಬರೆದುಕೊಂಡೆ. ಹಿಂದೆ ಪೂರ್ತಿ, ಮುಂದೆ ಒಂದಕ್ಷರ. ಹಾಗೆ ಮಾಡಬಹುದಾ?

ನೇರಮಾತು

ನನ್ನ ಪ್ರಶ್ನೆ ಹಾಗೇ ಇದೆ, ಶಾಲೆಗೆ ಮೇಷ್ಟ್ರು ಯಾವಾಗ ಬರುತ್ತಾರೆ? ಆದರೆ ಹಸೆ ಗೋಡೆ ಮೇಡಂ, ಆ ಕೆಮ್ಮಣ್ಣಿನ ರಟ್ಟು ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳಿ. ಮಗಳು ಕೇಳುತ್ತಿದ್ದಾಳೆ.

ಹಸೆ ಗೋಡೆ, ನರಸಿಂಹರಾಜಪುರ

ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಹಳೆಯ ಪಂಚೆಯಲ್ಲಿ ಜರಡಿ ಹಿಡಿಯಿರಿ. ನೀರಲ್ಲಿ ಕಲಸಿ ಒಂದು ರಾತ್ರಿ ಬಿಡಿ, ಕಲ್ಲು ತಳಕ್ಕೆ ಕೂರುತ್ತದೆ. ಮೇಲಿನ ನುಣುಪು ಮಣ್ಣಿಗೆ ಚೂರು ಫೆವಿಕಾಲ್ ಸೇರಿಸಿ ಬಳಿಯಿರಿ, ಇಲ್ಲದಿದ್ದರೆ ಕೈಗೆಲ್ಲಾ ಉದುರುತ್ತದೆ. ನಮ್ಮಜ್ಜಿ ಫೆವಿಕಾಲ್ ಹಾಕುತ್ತಿರಲಿಲ್ಲ, ಆದರೆ ಅವರದು ಗೋಡೆ, ನಿಮ್ಮದು ರಟ್ಟು.

ಬಳಪದ ಮೇಷ್ಟ್ರು, ಹಾಸನ

ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಈಗ ಎಲ್ಲ ಪಾಠವೂ ಅವತ್ತೇ ಮುಗಿಯುತ್ತದೆ. ಕಾಫಿ ಎರಡು ಸಲ ಆಯಿತು. ವಾರ್ಡರು ಕುಡಿಯಲಿಲ್ಲ, ಮೂಸಿ ನೋಡಿ "ಸಕ್ಕರೆ ಇಲ್ವಾ?" ಅಂದರು. ಚಪ್ಪಲಿಯ ಪಾಠವೂ ಆಯಿತು. ನನ್ನ ಎಡಗಾಲಿನ ಚಪ್ಪಲಿಯನ್ನು ನಡುವೆ ಇಟ್ಟು ಸುತ್ತ ಕೂರಿಸಿದೆ. 19 ಚಪ್ಪಲಿ ಬಂದವು. ಹೆಬ್ಬೆರಳಿನ ಹತ್ತಿರ ಸವೆದಿದ್ದನ್ನು ಎಲ್ಲರೂ ಗಮನಿಸಿದ್ದಾರೆ. ಒಬ್ಬರು ನಾನೇ ನೋಡಿರದ ಒಂದು ಹೊಲಿಗೆ ಬಿಟ್ಟದ್ದನ್ನು ಬರೆದಿದ್ದರು. ಬಿಚ್ಚಿ ನೋಡಿದರೆ ನಿಜ. ಅವರು ಹೊರಗೆ ಚಪ್ಪಲಿ ರಿಪೇರಿ ಕೆಲಸ ಮಾಡುತ್ತಿದ್ದವರಂತೆ. ನಾನು ಕೇಳಲಿಲ್ಲ, ಅವರೇ ಹೇಳಿದರು.

ಪೆನ್ಸಿಲ್ ಸಮಸ್ಯೆ ಬಗೆಹರಿದಿದೆ. 24 ಪೆನ್ಸಿಲ್ ಗೇಟಿನಲ್ಲಿ ಕೊಡುತ್ತೇನೆ. ವಾರ್ಡರೇ ಕೂತು ಮೊನೆ ಮಾಡಿ, ಎಣಿಸಿ ಒಳಗೆ ಬಿಡುತ್ತಾರೆ, ಹೋಗುವಾಗ ಎಣಿಸಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಹೋದ ವಾರ 23 ಬಂದವು. ಎಲ್ಲರನ್ನೂ ನಿಲ್ಲಿಸಿ, ಜೇಬು, ಮಡಿಕೆ, ಚಾಪೆ ಎಲ್ಲ ತಡಕಿದರು. ಮುಕ್ಕಾಲು ಗಂಟೆ. ನನಗೆ ಬೆವರು ಇಳಿಯಿತು, ಕ್ಲಾಸು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆ ಹಲ್ಲಿನಲ್ಲಿ ಮೊನೆ ಮಾಡಿದ ಹುಡುಗ ಇದ್ದನಲ್ಲ, ಅವನೇ ಬಹಳ ಮೆಲ್ಲಗೆ "ಸಾರ್, ನಿಮ್ಮ ಕಿವಿ" ಅಂದ. ಇಪ್ಪತ್ನಾಲ್ಕನೆಯದು ವಾರ್ಡರ ಕಿವಿಯ ಮೇಲೆ ಇತ್ತು.

ಸಹಿಯ ವಿಷಯ. ಮುಂದೆ ಒಂದಕ್ಷರ, ಹಿಂದೆ ಬೇಕಾದವರು ಹೆಸರು ಅಂತ ಹೇಳಿದೆ. ಮಲ್ಲಿತಮ್ಮನ ಕಥೆಯನ್ನೂ ಹೇಳಿದೆ. ಅಕ್ಷರ ಬಾರದ ಒಬ್ಬರು ಕಾಫಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿಬಿಟ್ಟರು. ಬಹಳ ಚೆಂದ ಕಾಣುತ್ತಿತ್ತು. ಜೈಲರ್ ಬಂದು ನೋಡಿ, "ಮೇಷ್ಟ್ರೇ, ಇದು ಹೆಸರಿಗಿಂತ ಜಾಸ್ತಿ ಗುರುತು ಅಲ್ವಾ?" ಅಂದರು. ಎಲ್ಲರೂ ನಕ್ಕರು, ಒತ್ತಿದವರೂ. ಈಗ ಅವರಿಗೆ ಒಂದಕ್ಷರ ಕಲಿಸುತ್ತಿದ್ದೇವೆ. 'ರ'. ಸುಲಭ ಅಂದುಕೊಂಡಿದ್ದೆ, ತಲೆಕಟ್ಟು ಇನ್ನೂ ಕೂರುತ್ತಿಲ್ಲ.

ಪ್ರದರ್ಶನ ಇಡುವುದಿಲ್ಲ. ಹಾಗಂತ ಹೆಸರು ಹಾಕದ ಆ ತಂಗಿಗೋ ತಮ್ಮನಿಗೋ ತಿಳಿಸುತ್ತಿದ್ದೇನೆ. ಚಿತ್ರಗಳನ್ನು ಮುಲಾಕತ್ತಿಗೆ ಬಂದ ಮನೆಯವರ ಕೈಯಲ್ಲಿ ಕೊಡಲು ಒಪ್ಪಿಗೆ ಸಿಕ್ಕಿದೆ, ಒಬ್ಬರಿಗೆ ಒಂದು. ಯಾರೂ ಬಾರದವರದ್ದು ನನ್ನ ಬೀರುವಿನಲ್ಲೇ ಇರುತ್ತದೆ.

ಆ 13 ಕೆರೆ ಹಾಗೇ ಇವೆ. ಮುಗಿಸಲು ನನಗೆ ಕೈ ಬರಲಿಲ್ಲ. ಒಂದರಲ್ಲಿ ಏರಿ ಮಾತ್ರ ಇದೆ, ನೀರಿಲ್ಲ.

ಹಸೆ ಗೋಡೆ ಮೇಡಂ, ಮುಂದಿನ ವಾರ ಚಿತ್ತಾರ ಅಂದುಕೊಂಡಿದ್ದೇನೆ. ಹಾಸನದಲ್ಲಿ ಪುಂಡಿ ನಾರು ಎಲ್ಲಿ ಸಿಗುತ್ತದೆ? ಸಂತೆಯಲ್ಲಿ ಕೇಳಿದರೆ ಪುಂಡಿ ಸೊಪ್ಪು ಕೊಟ್ಟು ಕಳಿಸಿದರು. ಮನೆಯಲ್ಲಿ ಸಾರು ಮಾಡಿದ್ದಾರೆ.

ಹಸೆ ಗೋಡೆ, ನರಸಿಂಹರಾಜಪುರ

ಅಯ್ಯೋ ಮೇಷ್ಟ್ರೇ, ನಾರು ಅಂಗಡಿಯಲ್ಲಿ ಸಿಗುವುದಿಲ್ಲ. ತವರಿನಿಂದ ತರಿಸಿ ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ. ಎಷ್ಟು ಜನ ಇದ್ದಾರೆ ಈಗ?

ಬಳಪದ ಮೇಷ್ಟ್ರು, ಹಾಸನ

ಇವತ್ತಿಗೆ 17. ಗುರುವಾರ ಎಷ್ಟೋ.

ಹಸೆ ಗೋಡೆ, ನರಸಿಂಹರಾಜಪುರ

ಮೂವತ್ತು ಕಳಿಸುತ್ತೇನೆ.